ಹಳೇ ಥಾರ್, ಯಾವ ವರ್ಷದ್ದು?

ಸೆಕೆಂಡ್ ಹ್ಯಾಂಡ್ ಥಾರ್ ನೋಡಲು ಹೋದವರು ಮೊದಲು ಕೇಳುವುದು ಎಷ್ಟು ಕಿಲೋಮೀಟರ್ ಓಡಿದೆ ಎಂದು. ಹರದನಹಳ್ಳಿ ಕಡೆಯ ಹೊಲಗಳಿಗೆ ಇಳಿಸುವ ಗಾಡಿಯಾದರೆ ನಾನು ಮೊದಲು ಆರ್‌ಸಿ ತೆಗೆಸಿ, ತಯಾರಾದ ತಿಂಗಳು ನೋಡುತ್ತೇನೆ. 2015ರ ಜುಲೈಗೆ ಮುಂಚಿನ ಥಾರ್ ಬೇರೆ, ಆಮೇಲಿನದು ಬೇರೆ.

ಮಹೀಂದ್ರ 2010ರಲ್ಲಿ ತಂದ ಥಾರ್‌ನಲ್ಲಿ ಎರಡು ಡೀಸೆಲ್ ಎಂಜಿನ್ ಇದ್ದವು. 63 ಅಶ್ವಶಕ್ತಿಯ ಡಿಐ ಊರಿನ ಮೆಕ್ಯಾನಿಕ್ ಕೈಗೆ ಸುಲಭ, ಆದರೆ ಬಿಳಿಗಿರಿರಂಗನ ಬೆಟ್ಟದ ಏರಿಗೆ ಜನ ತುಂಬಿಕೊಂಡು ಹೋದರೆ ಏದುಸಿರು ಬಿಡುತ್ತದೆ. 105 ಅಶ್ವಶಕ್ತಿಯ ಸಿಆರ್‌ಡಿಇಗೆ ಆ ಕಷ್ಟವಿಲ್ಲ. ಇಂಜೆಕ್ಟರ್ ಕೆಟ್ಟರೆ ಮಾತ್ರ ಕೈ ಕಚ್ಚುತ್ತದೆ. ಆದರೂ ನನ್ನ ಓಟು ಸಿಆರ್‌ಡಿಇಗೇ, ಅದರಲ್ಲೂ 2015ರ ಜುಲೈ ನಂತರದ್ದಕ್ಕೆ.

ಕಾರಣ ಹಿಂದಿನ ಆಕ್ಸಲ್‌ನೊಳಗಿದೆ. ಮಳೆ ಬಿದ್ದ ಎರೆಮಣ್ಣು ಟೈರಿನ ಗೀರುಗಳಲ್ಲಿ ಮೆತ್ತಿಕೊಂಡರೆ ಎಂಥ ಟೈರೂ ನುಣ್ಣಗಾಗುತ್ತದೆ. ಆಗ ಫೋರ್ ವ್ಹೀಲ್ ಹಾಕಿದರೂ ಡಿಫರೆನ್ಷಿಯಲ್ ಹಿಡಿತವಿಲ್ಲದ ಚಕ್ರವನ್ನೇ ತಿರುಗಿಸುತ್ತದೆ. ಮುಂದಿನದೊಂದು, ಹಿಂದಿನದೊಂದು ಚಕ್ರ ನಿಂತಲ್ಲೇ ಸುತ್ತುತ್ತವೆ, ಗಟ್ಟಿ ನೆಲದ ಮೇಲಿರುವ ಎರಡು ಅಲುಗುವುದೇ ಇಲ್ಲ. 2015ರಲ್ಲಿ ಸಿಆರ್‌ಡಿಇಗೆ ಈಟನ್ ಕಂಪನಿಯ ಮೆಕ್ಯಾನಿಕಲ್ ಲಾಕ್ ಬಂತು. ಇದಕ್ಕೆ ಬಟನ್ ಇಲ್ಲ. ನಿಧಾನ ವೇಗದಲ್ಲಿ ಹಿಂದಿನ ಒಂದು ಚಕ್ರ ಇನ್ನೊಂದಕ್ಕಿಂತ ತೀರಾ ಜೋರಾಗಿ ಸುತ್ತಿದರೆ ಅದೇ ಕಚ್ಚಿಕೊಂಡು ಎರಡನ್ನೂ ಒಟ್ಟಿಗೆ ತಿರುಗಿಸುತ್ತದೆ.

ಮಾರುವವರ ಬಾಯಿಮಾತು ನಂಬಬೇಡಿ. ಹಿಂದಿನ ಒಂದು ಚಕ್ರ ಗುಂಡಿಗೆ ಇಳಿದು ಹಗುರಾಗುವಂತೆ ಗಾಡಿ ನಿಲ್ಲಿಸಿ, ಆಕ್ಸಿಲರೇಟರ್ ಮೆಲ್ಲಗೆ ಒತ್ತಿ. ಚಕ್ರ ಅರೆಗಳಿಗೆ ಬರಿದೇ ಸುತ್ತಬೇಕು, ಕೆಳಗಿನಿಂದ 'ಟಕ್' ಎಂದು ಕೇಳಬೇಕು, ಗಾಡಿ ಮುಂದಕ್ಕೆ ಬರಬೇಕು. ಸುತ್ತುತ್ತಲೇ ಇದ್ದರೆ ಲಾಕ್ ಸತ್ತಿದೆ ಎಂದೇ ಲೆಕ್ಕ. ಹಾಗೇ ಬಗ್ಗಿ ಚಾಸಿಯ ತುಕ್ಕು, ಲೀಫ್ ಸ್ಪ್ರಿಂಗ್‌ನ ಬಿರುಕು ನೋಡಿಬಿಡಿ.

ಮನೆಯವರೆಲ್ಲ ಮೈಸೂರಿಗೂ ಅದರಲ್ಲೇ ಓಡಾಡಬೇಕೆಂದರೆ ನನ್ನ ಮಾತು ಬೇರೆ. ಹಳೆಯ ಥಾರ್‌ಗೆ ಎಬಿಎಸ್ ಬಂದದ್ದೇ 2019ರಲ್ಲಿ. 2020ರ ಅಕ್ಟೋಬರ್ 2ರಂದು ಮಾರುಕಟ್ಟೆಗೆ ಬಂದ ಹೊಸ ಥಾರ್‌ನಲ್ಲಿ ಏರ್‌ಬ್ಯಾಗ್ ಇವೆ, ಹಿಂದೆ ಕಾಯಿಲ್ ಸ್ಪ್ರಿಂಗ್ ಇದೆ, ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ 4 ಸ್ಟಾರ್ ಸಿಕ್ಕಿದೆ. ಮಕ್ಕಳನ್ನು ಕೂರಿಸುವ ಗಾಡಿಯಾದರೆ ಸಾಲ ಸ್ವಲ್ಪ ಹೆಚ್ಚಾದರೂ ಇದನ್ನೇ ಕೊಳ್ಳಿ. 2020ರ ಸೆಪ್ಟೆಂಬರ್‌ನಿಂದ ಡಿಸೆಂಬರ್ ನಡುವೆ ತಯಾರಾದ 1,577 ಡೀಸೆಲ್ ಗಾಡಿಗಳನ್ನು ಕ್ಯಾಮ್‌ಶಾಫ್ಟ್ ತೊಂದರೆಗೆಂದು ಕಂಪನಿಯೇ ವಾಪಸ್ ಕರೆಸಿತ್ತು. ಆ ತಿಂಗಳುಗಳ ಗಾಡಿಯಾದರೆ ರಿಪೇರಿಯ ದಾಖಲೆ ಕೇಳಿ. 2023ರ ಜನವರಿಯಿಂದ ಹಿಂದಿನ ಚಕ್ರವಷ್ಟೇ ಎಳೆಯುವ ಥಾರ್ ಕೂಡ ಬಂದಿದೆ. ಹೊರಗಿನಿಂದ ವ್ಯತ್ಯಾಸ ಅಷ್ಟಾಗಿ ಗೊತ್ತಾಗದು. ಗೇರ್ ಪಕ್ಕದಲ್ಲಿ ಇನ್ನೊಂದು ಲಿವರ್ ಇಲ್ಲದಿದ್ದರೆ ಅದು ಹೊಲದ ಗಾಡಿಯಲ್ಲ.

ಗುಂಡ್ಲುಪೇಟೆ ದಾಟಿ ವಯನಾಡು, ಊಟಿ ಕಡೆ ಹುಡುಕುವವರು ಕ್ಲಚ್ಚನ್ನು ಏರಿನಲ್ಲೇ ಪರೀಕ್ಷಿಸಿ. ಕೆಎಲ್, ಟಿಎನ್ ಗಾಡಿಗೆ ಅಲ್ಲಿನ ಎನ್‌ಒಸಿ ಬೇಕು, ಇಲ್ಲಿ ಜೀವಿತಾವಧಿ ತೆರಿಗೆ ಕಟ್ಟಬೇಕು. ಗಾಡಿಯ ವಯಸ್ಸಿಗೆ ಎಷ್ಟು ತೆರಿಗೆಯಾಗುತ್ತದೆಂದು ಚಾಮರಾಜನಗರದ ಆರ್‌ಟಿಒ ಕಚೇರಿಯಲ್ಲಿ ಕೇಳಿಕೊಂಡು, ಆ ಮೊತ್ತವನ್ನು ಬೆಲೆಗೆ ಸೇರಿಸಿ ನೋಡಿದ ಮೇಲೆಯೇ ಮುಂಗಡ ಕೊಡಿ.