ಫೋನು ಕೈಗೆ ಬರುವ ಹೊತ್ತು

ಇಳಕಲ್ ಸೀರೆ ಕೊಳ್ಳಲು ಹೋದರೆ ನಾವು ಸೆರಗು ಬಿಡಿಸಿ ನೋಡುತ್ತೇವೆ, ದಡಿ ಮುಟ್ಟಿ ನೋಡುತ್ತೇವೆ, ಬಣ್ಣ ಬಿಟ್ಟೀತೇ ಎಂದು ಅಂಗಡಿಯವನನ್ನು ಮೂರು ಸಲ ಕೇಳುತ್ತೇವೆ. ಕಾದಂಬರಿಗೆ ವಿಮರ್ಶಕರಿದ್ದಾರೆ, ನಾಟಕವಾದರೆ ಮುಗಿಯುವ ಮೊದಲೇ ಅದರ ಗುಣದೋಷ ಎಣಿಸುವವರಿದ್ದಾರೆ. ಆದರೆ ನಮ್ಮ ಹೆಣ್ಣುಮಕ್ಕಳು ಫೋನಿನಲ್ಲಿ ಕಲಿಯುವ ಕಾಲೇಜಿನ ಕೋರ್ಸನ್ನು ಹೀಗೆ ಬಿಡಿಸಿ ನೋಡಿದವರು ಕಡಿಮೆ. ಒಂದೋ ಅದು ಸುಳ್ಳು ಸಾಲಿ ಎಂದು ತಳ್ಳಿಬಿಡುತ್ತೇವೆ, ಇಲ್ಲವೇ ಮುಂದಿನ ಕಾಲವೇ ಅದು ಎಂದು ಕೈಮುಗಿಯುತ್ತೇವೆ. ಕೋರ್ಸು ಎಂಬುದೂ ಒಂದು ಕೃತಿ. ಅದನ್ನು ಕಟ್ಟಿದವರು ಯಾರನ್ನು ಎದುರಿಗೆ ಕೂಡ್ರಿಸಿಕೊಂಡು ಕಟ್ಟಿದರು ಎಂದು ಕೇಳುವ ಹಕ್ಕು ನಮಗಿದೆ.

ಮೊದಲು ಕೃತಿಯ ರಚನೆ. 2017ರ ಜುಲೈ 9ರಂದು ಅಂದಿನ ರಾಷ್ಟ್ರಪತಿ ಪ್ರಣಬ್ ಮುಖರ್ಜಿಯವರು 'ಸ್ವಯಂ' ಎಂಬ ಕೇಂದ್ರ ಸರಕಾರದ ವೇದಿಕೆಯನ್ನು ಉದ್ಘಾಟಿಸಿದರು. ಅದರಲ್ಲಿ ಪ್ರತಿ ಕೋರ್ಸಿಗೂ ನಾಲ್ಕು ಅಂಗ: ನೋಡಲು ವಿಡಿಯೊ, ಓದಲು ಪಾಠ, ತನ್ನನ್ನು ತಾನೇ ಪರೀಕ್ಷಿಸಿಕೊಳ್ಳಲು ಪ್ರಶ್ನೆಗಳು, ಸಂಶಯ ಕೇಳಲು ಒಂದು ಚರ್ಚೆಯ ಕಟ್ಟೆ. ಸ್ವಯಂ ಕೋರ್ಸುಗಳು ಒಂದು ಸೆಮಿಸ್ಟರಿನಲ್ಲಿ ಶೇ. 20ರಷ್ಟು ಇರಬಹುದೆಂದು ಯುಜಿಸಿ 2016ರಲ್ಲಿ ಹೇಳಿತ್ತು. 2021ರಲ್ಲಿ ಅದನ್ನು ಶೇ. 40ಕ್ಕೆ ಏರಿಸಿತು. ಅದೇ 2021ರ ಫೆಬ್ರುವರಿಯಲ್ಲಿ ಕರ್ನಾಟಕ ಸರಕಾರವೂ ತನ್ನ 430 ಪ್ರಥಮ ದರ್ಜೆ ಕಾಲೇಜುಗಳಿಗೆ, ಜೊತೆಗೆ ಪಾಲಿಟೆಕ್ನಿಕ್ ಮತ್ತು ಎಂಜಿನಿಯರಿಂಗ್ ಕಾಲೇಜುಗಳಿಗೆ ಎಲ್‌ಎಂಎಸ್ ಎಂಬ ಕಲಿಕೆಯ ವ್ಯವಸ್ಥೆ ತಂದಿತು. ಅಲ್ಲಿಯೂ ಅಂಗಗಳು ಹೆಚ್ಚುಕಡಿಮೆ ಇವೇ.

ನಾಲ್ಕು ಕಾಲಿನ ಮಂಚದಂತೆ ಗಟ್ಟಿಯಾಗಿಯೇ ಕಾಣುತ್ತದೆ. ಮಲಗುವವರು ಯಾರು ಎಂಬಲ್ಲಿ ನನ್ನ ತಕರಾರು. ಈ ನಾಲ್ಕೂ ಅಂಗಗಳ ಹಿಂದೆ ಒಬ್ಬ ವಿದ್ಯಾರ್ಥಿ ಕುಳಿತಿದ್ದಾನೆ. ಅವನಿಗೆ ಸ್ವಂತ ಫೋನಿದೆ, ಬಾಗಿಲು ಹಾಕಿಕೊಳ್ಳಲು ಕೋಣೆ ಇದೆ, ಮಧ್ಯಾಹ್ನ ಎರಡು ಗಂಟೆಗೆ ಯಾರೂ ಅವನನ್ನು ನೀರು ತಾ ಎಂದು ಕರೆಯುವುದಿಲ್ಲ. ನವಲಗುಂದ, ಅಣ್ಣಿಗೇರಿ ಕಡೆಯ ಹಳ್ಳಿಗಳಲ್ಲಿ ಈ ಮನುಷ್ಯ ನನಗಿನ್ನೂ ಭೇಟಿಯಾಗಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಹಳ್ಳಿಗಳಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಒಮ್ಮೆಯಾದರೂ ಇಂಟರ್ನೆಟ್ ಬಳಸಿದವರು ನೂರಕ್ಕೆ ಸುಮಾರು 25, ಗಂಡಸರಲ್ಲಿ 49. ಅರ್ಧಕ್ಕರ್ಧ ವ್ಯತ್ಯಾಸ. ಒಂದೇ ಮನೆಯೊಳಗೆ ಅಣ್ಣ ತಂಗಿಯರ ನಡುವಿನ ವ್ಯತ್ಯಾಸವೂ ಇದೇ ಎಂದು ಬೇರೆ ಹೇಳಬೇಕೆ?

ನಾನು ಕನ್ನಡ ಕಲಿಸುವವಳು. 2020ರ ಸೆಪ್ಟೆಂಬರ್ 1ರಿಂದ ರಾಜ್ಯದ ಪದವಿ ಕಾಲೇಜುಗಳ ಪಾಠ ಫೋನಿನಲ್ಲೇ ಸುರುವಾಯಿತು. ನವೆಂಬರ್ 17ರಂದು ಕಾಲೇಜಿನ ಬಾಗಿಲು ತೆರೆಯುವವರೆಗೆ ಅದೇ ಗತಿ. (ಮರುದಿನ, ಸೆಪ್ಟೆಂಬರ್ 2ರಂದು, ಪಬ್‌ಜಿ ಆಟವನ್ನು ದೇಶದಲ್ಲಿ ನಿಷೇಧಿಸಿದರು. ಒಬ್ಬ ತಾಯಿ ನನಗೆ ಫೋನು ಮಾಡಿ, "ಛಲೋ ಆತ್ರೀ ಮೇಡಂ, ಈಗ ಮಗಳ ಕೈಯಾಗೂ ಒಂದೀಟು ಫೋನ್ ಬರ್ತೈತಿ" ಎಂದಳು. ಶಿಕ್ಷಣಕ್ಕೆ ಸರಕಾರ ಮಾಡಿದ ಆ ಉಪಕಾರವನ್ನು ಯಾವ ವರದಿಯೂ ಬರೆಯಲಿಲ್ಲ.) ಅದಕ್ಕೂ ಮೊದಲು ನಮಗೊಂದು ತರಬೇತಿ ನಡೆಯಿತು. ಎರಡು ದಿನ ಗುಂಡಿ ಒತ್ತುವುದನ್ನು ಕಲಿಸಿದರು: ವಿಡಿಯೊ ಏರಿಸುವುದು ಹೇಗೆ, ಹಾಜರಿ ಇಳಿಸಿಕೊಳ್ಳುವುದು ಹೇಗೆ, ಪಾಠ ಮಾಡಿದ್ದಕ್ಕೆ ಪುರಾವೆಯಾಗಿ ಪರದೆಯ ಚಿತ್ರ ತೆಗೆದು ಕಳಿಸುವುದು ಹೇಗೆ. ಹುಡುಗಿಯ ಕೈಗೆ ಫೋನು ಯಾವಾಗ ಬರುತ್ತದೆ ಎಂಬ ಮಾತನ್ನು ಎರಡು ದಿನದಲ್ಲಿ ಒಬ್ಬರೂ ಎತ್ತಲಿಲ್ಲ.

ಪಠ್ಯಕ್ರಮ ಬಿಡಿಸುವ ಮೊದಲು ನಾನು ತರಗತಿಗೆ ಮೂರೇ ಪ್ರಶ್ನೆ ಕಳಿಸಿದೆ. ಫೋನು ಯಾರದು? ನಿಮ್ಮ ಕೈಗೆ ಎಷ್ಟು ಹೊತ್ತಿಗೆ ಬರುತ್ತದೆ? ಎಷ್ಟು ಹೊತ್ತು ಇರುತ್ತದೆ? ಉತ್ತರಗಳು ಬಂದ ಹೊತ್ತೇ ಅರ್ಧ ಉತ್ತರವಾಗಿತ್ತು. ರಾತ್ರಿ ಒಂಬತ್ತೂವರೆ, ಹತ್ತು, ಹತ್ತೂಕಾಲು. "ಅಪ್ಪ ಹೊಲಕ್ಕ ಒಯ್ದಾನ್ರೀ, ಉಂಡಮ್ಯಾಲೆ ಕೊಡ್ತಾನ್ರೀ." ಹೆಸರು ಕಟಾವಿನ ದಿನಗಳವು. ಅದು ಮುಗಿದರೆ ಹತ್ತಿ ಬಿಡಿಸುವುದು, ಕುಂದಗೋಳದ ಕಡೆ ಮೆಣಸಿನಕಾಯಿ, ಕಲಘಟಗಿಯ ಕಡೆ ಭತ್ತ. ಫೋನು ಹೊಲಕ್ಕೆ ಹೋಗುತ್ತದೆ, ಸಂತೆಗೆ ಹೋಗುತ್ತದೆ, ಆಳು ಕರೆಯಲು ಹೋಗುತ್ತದೆ. ಹೋಗದ ದಿನ ಹುಡುಗಿಯೇ ಹೊಲಕ್ಕೆ ಹೋಗಿರುತ್ತಾಳೆ. ಹನ್ನೊಂದು ಗಂಟೆಗೆ ಪರದೆಯ ಮುಂದೆ ಬನ್ನಿ ಎಂದು ಕರೆಯುವ ನೇರ ಪಾಠ ಇವಳಿಗೆ ಪಾಠವಲ್ಲ, ಗೈರುಹಾಜರಿಯ ಇನ್ನೊಂದು ಗೆರೆ.

ಇದಕ್ಕಿಂತ ಹಳೆಯ ಒಂದು ವ್ಯವಸ್ಥೆ ಈ ವಿಷಯದಲ್ಲಿ ಜಾಣತನದ್ದಾಗಿತ್ತು. ಮೈಸೂರು ವಿಶ್ವವಿದ್ಯಾಲಯ 1969ರಲ್ಲಿ ಅಂಚೆ ಶಿಕ್ಷಣ ಆರಂಭಿಸಿತು. ಮುಂದೆ 1996ರಲ್ಲಿ ಅದೇ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಾಯಿತು. ನಿಮ್ಮಲ್ಲಿ ಕೆಲವರಾದರೂ ಆ ಪಾಠಗಳ ಕಟ್ಟು ಬಿಚ್ಚಿದವರಿದ್ದೀರಿ. ಕೂಸು ಮಲಗಿದ ಮೇಲೆ, ಒಲೆ ಆರಿದ ಮೇಲೆ, ಅತ್ತೆಯ ಕೆಮ್ಮು ನಿಂತ ಮೇಲೆ ಆ ಕಟ್ಟು ಕಾಯುತ್ತಿತ್ತು. ನೀವು ಬಂದಾಗ ಅದು ತೆರೆದುಕೊಳ್ಳುತ್ತಿತ್ತು, ನೀವು ಎದ್ದು ಹೋದರೆ ಸುಮ್ಮನಿರುತ್ತಿತ್ತು. ಈಗಿನ ಕೋರ್ಸು ಕಟ್ಟುವವರು ಅಂಚೆಯವನಿಂದ ಕಲಿಯುವುದು ಬಹಳಿದೆ.

ಇದು ಬರೀ ನಮ್ಮ ಕಡೆಯ ಹಾಡಲ್ಲ. ಜಗತ್ತಿನ ಸಾವಿರಾರು ಕಾಲೇಜುಗಳು ಕೋರ್ಸು ಕಟ್ಟಲು ಬಳಸುವ 'ಮೂಡಲ್' ಎಂಬ ಉಚಿತ ತಂತ್ರಾಂಶವೊಂದಿದೆ. 2002ರಲ್ಲಿ ಅದರ ಮೊದಲ ಆವೃತ್ತಿ ತಂದ ಮಾರ್ಟಿನ್ ಡೂಗಿಯಾಮಾಸ್ ಪಶ್ಚಿಮ ಆಸ್ಟ್ರೇಲಿಯದ ಮರುಭೂಮಿಯ ಸೀಮೆಯಲ್ಲಿ ಬೆಳೆದವನು. ಸುತ್ತ ಸಾಲಿ ಇರಲಿಲ್ಲ. ಪಾಠ ಬರುತ್ತಿದ್ದದ್ದು ರೇಡಿಯೊದಲ್ಲಿ. ದೂರದಿಂದ ಕಲಿತವನೇ ದೂರದವರಿಗೆ ಸಲಕರಣೆ ಮಾಡಿದ. ಅದರ ಹೆಸರಿಗೂ ನಮ್ಮ ಮೂಡಲಕ್ಕೂ ಸಂಬಂಧವೇನಿಲ್ಲ, ಆದರೂ ಧಾರವಾಡದ ಕಿವಿಗೆ ಅದು ಬೆಳಗಿನ ದಿಕ್ಕಾಗಿಯೇ ಕೇಳುತ್ತದೆ. ಅಷ್ಟರಿಂದಲೇ ನನಗೆ ಅದರ ಮೇಲೆ ಸ್ವಲ್ಪ ಮಮತೆ.

ಇನ್ನು ಅಂಗಗಳನ್ನು ಒಂದೊಂದಾಗಿ ನೋಡಿದರೆ, ಎಲ್ಲರೂ ಹೊಗಳುವ ವಿಡಿಯೊ ನನಗೆ ಎಲ್ಲಕ್ಕಿಂತ ದುರ್ಬಲ ಅನಿಸಿದೆ. ಕವಿತೆಯ ಪಾಠಕ್ಕೆ ನನ್ನ ಮುಖ ಯಾತಕ್ಕೆ ಬೇಕು? ಅರ್ಧ ಗಂಟೆಯ ವಿಡಿಯೊ ನೂರಾರು ಎಂಬಿ ನುಂಗುತ್ತದೆ. ಬರೀ ದನಿಯಾದರೆ ಹದಿನೈದು ಎಂಬಿ ಸಾಕು, ಅದೂ ಜಾಸ್ತಿಯೇ. ದನಿಯನ್ನು ರೊಟ್ಟಿ ಬಡಿಯುತ್ತ ಕೇಳಬಹುದು, ಗುಡ್ಡದ ಮರೆಯಲ್ಲಿ ಸಿಗ್ನಲ್ ಸಿಗದ ಕಲಘಟಗಿಯ ಹಳ್ಳಿಯ ಹುಡುಗಿ ಪೇಟೆಗೆ ಬಂದಾಗ ಇಳಿಸಿಕೊಂಡು ಮನೆಯಲ್ಲಿ ಕೇಳಬಹುದು. ಹತ್ತು ನಿಮಿಷದ ದನಿ, ಎರಡು ಪುಟದ ಓದು, ಅರ್ಧ ಪುಟದ ಬರಹ. ನನ್ನ ಕೋರ್ಸಿನ ಒಂದು ವಾರ ಎಂದರೆ ಇಷ್ಟೇ. ರವಿವಾರ ಸಂಜೆ ಹೊರಟದ್ದಕ್ಕೆ ಮುಂದಿನ ಮಂಗಳವಾರ ಬೆಳಿಗ್ಗೆ ಗಡುವು. ಒಂಬತ್ತು ರಾತ್ರಿಗಳು ನಡುವೆ ಸಿಕ್ಕರೆ ಒಂದು ರಾತ್ರಿಯಾದರೂ ಫೋನು ಕೈಗೆ ಬಂದೀತು. ಯಂತ್ರ ತಾನಾಗಿ ಇಡುವ ಗಡುವು ಎಂದರೆ ರಾತ್ರಿ 11 ಗಂಟೆ 59 ನಿಮಿಷ. ಹತ್ತೂಕಾಲಿಗೆ ಫೋನು ಸಿಗುವವಳಿಗೆ ಅದು ಗಡುವಲ್ಲ, ಗಾಬರಿ.

ಪ್ರಶ್ನೆಗಳ ಅಂಗಕ್ಕೆ ಬಂದರೆ ನನ್ನ ಸಿಟ್ಟು ನಿಜವಾದದ್ದು. ನಾಲ್ಕು ಉತ್ತರ ಕೊಟ್ಟು ಒಂದಕ್ಕೆ ಗುರುತು ಹಾಕಿಸುವ ಪ್ರಶ್ನೆಯನ್ನು ಯಂತ್ರ ಕ್ಷಣದಲ್ಲಿ ತಿದ್ದುತ್ತದೆ. ಆದ್ದರಿಂದ ಕೋರ್ಸಿನ ತುಂಬ ಅವೇ. ಕವಿ ಹುಟ್ಟಿದ ಊರು ಯಾವುದು, ಕೃತಿ ಪ್ರಕಟವಾದ ವರ್ಷ ಯಾವುದು. ಅಣ್ಣಿಗೇರಿಯ ಹುಡುಗಿಗೆ ಪಂಪನ ಊರು ಯಾವುದೆಂದು ಕೇಳಿ ಒಂದು ಅಂಕ ಕೊಡುವುದು ಅವಳ ಮನೆಯ ವಿಳಾಸ ಕೇಳಿ ಅಂಕ ಕೊಟ್ಟಂತೆ. ಪಂಪನ ಕರ್ಣನ ಬಗ್ಗೆ ಅವಳಿಗೇನನಿಸಿತು ಎಂದು ಯಂತ್ರ ಕೇಳಲಾರದು, ಕೇಳಿದರೂ ತಿದ್ದಲಾರದು. ಕೋರ್ಸು ಕಟ್ಟುವವರು ತಿದ್ದಲು ಸುಲಭವಾದದ್ದನ್ನೇ ಕೇಳುತ್ತ ಹೋದರೆ, ಹುಡುಗಿಯರು ಕೇಳಿದ್ದನ್ನಷ್ಟೇ ಕಲಿಯುತ್ತ ಹೋಗುತ್ತಾರೆ.

ತಿದ್ದುವುದು ಎಂದರೇನು ಎಂದು ತಿಳಿಯಲು ಬೇರೆಲ್ಲೂ ಹೋಗಬೇಕಿಲ್ಲ, ಕುಂದಗೋಳವೇ ಇದೆ. 1930ರ ದಶಕದ ಕೊನೆಯಲ್ಲಿ ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲು ಹತ್ತಿ ಸವಾಯಿ ಗಂಧರ್ವರಲ್ಲಿ ಕಲಿಯಲು ಅಲ್ಲಿಗೆ ಹೋಗುತ್ತಿದ್ದರು. ಮನೆಯಲ್ಲಿ ಮಕ್ಕಳು, ಸಂಸಾರದ ಭಾರ. ಗುರುಗಳು ಕೊಡುತ್ತಿದ್ದದ್ದು ಸಣ್ಣ ಸಣ್ಣ ತುಣುಕು. ಅದು ಗಂಟಲಲ್ಲಿ ಕೂಡ್ರುವವರೆಗೆ ಮತ್ತೆ ಮತ್ತೆ ಅದೇ. ಅಷ್ಟು ದೂರ ಹೋಗುತ್ತಿದ್ದದ್ದು ಪಾಠ 'ಸಿಗಲಿ' ಎಂದಷ್ಟೇ ಅಲ್ಲ, ಹಾಡುಗಳು ಕಿವಿಗೆ ಬೇರೆ ಕಡೆಯೂ ಬೀಳುತ್ತಿದ್ದವು. ತಪ್ಪಿದ ಸ್ವರವನ್ನು ತಪ್ಪಿತು ಎಂದು ಹೇಳುವ ಒಂದು ಕಿವಿ ಕುಂದಗೋಳದಲ್ಲಿತ್ತು. ನಮ್ಮ ಕೋರ್ಸುಗಳಲ್ಲಿ ಹಾಡುವವರು ಇದ್ದಾರೆ, ಕೇಳುವ ಕಿವಿ ಇಲ್ಲ. ಹಾರ್ವರ್ಡ್ ಮತ್ತು ಎಂಐಟಿಯಂಥ ವಿಶ್ವವಿದ್ಯಾಲಯಗಳು ಎಡ್‌ಎಕ್ಸ್ ವೇದಿಕೆಯಲ್ಲಿ ನಡೆಸಿದ ಕೋರ್ಸುಗಳಿಗೆ 2017-18ರಲ್ಲಿ ಹೆಸರು ಹಚ್ಚಿದವರಲ್ಲಿ ಪೂರ್ತಿ ಮುಗಿಸಿದವರು ನೂರಕ್ಕೆ ಮೂವರು ಎಂದು 2019ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾಯಿತು. ವಿಡಿಯೊ ಚೆನ್ನಾಗಿರಲಿಲ್ಲ ಎಂದು ಅವರನ್ನು ಅನ್ನುವಂತಿಲ್ಲ.

ಚರ್ಚೆಯ ಕಟ್ಟೆಯ ಬಗ್ಗೆ ಹೆಚ್ಚು ಹೇಳಲಾರೆ. ಊರ ಕಟ್ಟೆಯ ಮೇಲೆ ಹೆಣ್ಣುಮಕ್ಕಳು ಕೂಡ್ರದ ಹಾಗೆ ಈ ಕಟ್ಟೆಯ ಮೇಲೂ ಕೂಡ್ರಲಿಲ್ಲ. ನಲವತ್ತು ಹುಡುಗರು ಓದುತ್ತಾರೆಂಬಲ್ಲಿ "ನನಗ ತಿಳೀಲಿಲ್ಲ" ಎಂದು ಬರೆಯುವ ಧೈರ್ಯ ಎಷ್ಟು ಜನಕ್ಕೆ? ಆದರೆ ಎಲ್‌ಎಂಎಸ್‌ನ ಒಂದು ಗುಣವನ್ನು ಇಲ್ಲಿಯೇ ಹೇಳಬೇಕು. ಅದಕ್ಕೂ ಮೊದಲು ನಾವೆಲ್ಲ ವಾಟ್ಸಪ್ ಗುಂಪು ಕಟ್ಟಿ ಪಾಠ ನಡೆಸಿದೆವು. ಗುಂಪಿಗೆ ಸೇರಿದ ಕೂಡಲೇ ಹುಡುಗಿಯ ನಂಬರು ತರಗತಿಯ ಎಲ್ಲ ಹುಡುಗರ ಕೈಗೆ ಹೋಗುತ್ತದೆ, ಮತ್ತು ಅದು ಅವಳ ನಂಬರೂ ಅಲ್ಲ, ಅಪ್ಪನದು. ರಾತ್ರಿ ಒಂದು ಬೇಡದ ಕರೆ ಬಂದರೆ ಮರುದಿನ ಹುಡುಗಿ ಗುಂಪಿನಲ್ಲಿ ಇಲ್ಲ. ವ್ಯವಸ್ಥಿತ ಕೋರ್ಸಿನಲ್ಲಿ ಹೆಸರು ಕಾಣುತ್ತದೆ, ನಂಬರು ಕಾಣುವುದಿಲ್ಲ. ಪ್ರಶ್ನೆಯನ್ನು ಅಧ್ಯಾಪಕಿಯೊಬ್ಬಳಿಗೇ ಕಳಿಸುವಂತೆ ಇಡಬಹುದು. ಹಾಗೆ ಇಟ್ಟ ಮೇಲೆ ಬಂದ ಪ್ರಶ್ನೆಗಳಲ್ಲಿ ಹುಡುಗಿಯರವೇ ಹೆಚ್ಚು, ಮತ್ತು ಪ್ರಶ್ನೆ ಅಂದರೆ ಅವೇ.

ಕೊರೊನಾ ಹೋಯಿತು, ಕಾಲೇಜು ತೆರೆಯಿತು, ಈಗ ಇದೆಲ್ಲ ಯಾಕೆ ಎನ್ನುವವರಿದ್ದಾರೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ಸಿನ ಚಾರ್ಜೂ ಇಲ್ಲ. ಹುಡುಗಿಯರು ಹುಬ್ಬಳ್ಳಿಗೇ ಬಂದು ಕಲಿಯಲಿ ಎನ್ನುತ್ತಾರೆ. ಬರಲಿ, ಬರುತ್ತಿದ್ದಾರೆ, ಕಾಲೇಜಿನ ಅಂಗಳಕ್ಕೆ ಸಮನಾದದ್ದು ಫೋನಿನಲ್ಲಿಲ್ಲ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಎರಡನೆಯ ವರ್ಷದಲ್ಲಿ ಲಗ್ನವಾಗಿ ಹೋದವಳು ಯಾವ ಬಸ್ಸು ಹತ್ತಬೇಕು? ನನ್ನ ವಿದ್ಯಾರ್ಥಿನಿಯೊಬ್ಬಳು ಹೀಗೆ ಹೋದವಳು, ಮೂರು ವರ್ಷದ ಮೇಲೆ ಒಂದು ರಾತ್ರಿ ಹತ್ತೂವರೆಗೆ ಕೇಳಿದಳು: "ಮೇಡಂ, ಆ ದನಿ ಪಾಠ ಇನ್ನೂ ಅದಾವೇನ್ರೀ? ಈಗ ಫೋನ್ ನಂದs ಐತ್ರೀ." ಆನ್‌ಲೈನ್ ಕೋರ್ಸು ಉಳಿಯಬೇಕಾದದ್ದು ಇವಳಿಗಾಗಿ. ಅದನ್ನು ಈಗ ಕಟ್ಟುತ್ತಿರುವುದು ಇವಳಿಗಾಗಿ ಅಲ್ಲ.

ಕಟ್ಟುವವರ ಮಾತೂ ಇದೆ. ನನ್ನ ತರಗತಿಯಲ್ಲಿ ಅರವತ್ತೆಂಟು ಜನ. ಅರ್ಧ ಪುಟ ಬರೆದು ಚಿತ್ರ ತೆಗೆದು ಕಳಿಸಿದರೆ, ಓದಿ ಎರಡೇ ನಿಮಿಷದ ದನಿಯಲ್ಲಿ ತಿದ್ದುಪಡಿ ಹೇಳಿದರೂ, ಹೇಳುವುದಕ್ಕೇ ಎರಡೂಕಾಲು ಗಂಟೆ. ಓದುವ ಹೊತ್ತು ಬೇರೆ. ಅದೂ ರಾತ್ರಿ, ಏಕೆಂದರೆ ಅವರು ಬರೆಯುವುದು ರಾತ್ರಿ. ಯುಜಿಸಿಯ ನಿಯಮದಲ್ಲಿ ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆಯ ಪಾಠ. ಪಾಠದ ಗಂಟೆಗೆ ಲೆಕ್ಕವಿದೆ, ಏರಿಸಿದ ವಿಡಿಯೊಗೆ ಲೆಕ್ಕವಿದೆ. ಸರಕಾರಿ ಕಾಲೇಜುಗಳ ಪಾಠದ ದೊಡ್ಡ ಪಾಲು ಹೊರುವ ಅತಿಥಿ ಉಪನ್ಯಾಸಕಿಯರಿಗಂತೂ ಗಂಟೆಯ ಲೆಕ್ಕವೇ ಅನ್ನದ ಲೆಕ್ಕ. ತಿದ್ದಿದ ದನಿಗಳನ್ನು ಬರೆಯಲು ಕಾರ್ಯಭಾರದ ತಃಖ್ತೆಯಲ್ಲಿ ಜಾಗವಿಲ್ಲ. ಒಂದು ಸಲ ಆ ಎರಡೂಕಾಲು ಗಂಟೆಯನ್ನು 'ಇತರೆ' ಎಂಬಲ್ಲಿ ಬರೆದು ಕೊಟ್ಟೆ. ಕಚೇರಿಯಿಂದ ಅದು ತಿರುಗಿ ಬಂತು, ಪಕ್ಕದಲ್ಲಿ ಪೆನ್ಸಿಲಿನಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ.