ಮೂಕಜ್ಜಿಯ ಬಳಿ ಕುಳಿತವನು

ಕೋಟ ಶಿವರಾಮ ಕಾರಂತರ ‘ಮೂಕಜ್ಜಿಯ ಕನಸುಗಳು’ ಕಾದಂಬರಿಯ ಮೇಲೆ ಬಂದಿರುವ ಬರವಣಿಗೆಗೆ ಕೊರತೆಯಿಲ್ಲ. 1968ರಲ್ಲಿ ಅಚ್ಚಾದ ಈ ಕೃತಿಗೆ 1977ರ ಸಾಲಿನ ಜ್ಞಾನಪೀಠ ಪ್ರಶಸ್ತಿ ಸಂದಿತು, 2019ರಲ್ಲಿ ಪಿ. ಶೇಷಾದ್ರಿಯವರು ಇದನ್ನು ಚಲನಚಿತ್ರವಾಗಿಸಿದರು. ಅಜ್ಜಿ ಕಂಡ ಕನಸುಗಳ ವಿಚಾರವಾಗಿ, ಅವುಗಳಲ್ಲಿ ತೆರೆದುಕೊಳ್ಳುವ ದೇವರುಗಳ ಇತಿಹಾಸದ ವಿಚಾರವಾಗಿ, ಸ್ತ್ರೀಪುರುಷ ಸಂಬಂಧದ ವಿಚಾರವಾಗಿ ವಿದ್ವಾಂಸರು ಸಾಕಷ್ಟು ಚರ್ಚಿಸಿದ್ದಾರೆ. ಆದರೆ ಆ ಮುದುಕಿಯ ಮಗ್ಗುಲಲ್ಲಿ ಕುಳಿತು ಆಕೆಯ ಮಾತಿಗೆ ಕಿವಿಗೊಟ್ಟ ಸುಬ್ಬರಾಯನೆಂಬ ಮೊಮ್ಮಗನ ವಿಷಯದಲ್ಲಿ ಅಷ್ಟು ವಿಚಾರ ನಡೆದಂತೆ ತೋರುವುದಿಲ್ಲ. ಕಥೆ ಹೇಳುವ ನಿರೂಪಕನೆಂದು ಅವನನ್ನು ಒಂದು ವಾಕ್ಯದಲ್ಲಿ ಗುರುತಿಸಿ ಮುಂದೆ ಸಾಗುವುದೇ ವಾಡಿಕೆಯಾಗಿದೆ. ಪ್ರಕೃತ ಲೇಖನದ ಆಸಕ್ತಿ ಅವನಲ್ಲಿ.

ಕಥೆಯನ್ನು ಬಲ್ಲವರಿಗೆ ವಿವರಿಸಬೇಕಾಗಿಲ್ಲ. ಬಹುಕಾಲದ ಹಿಂದೆ ಓದಿದವರಿಗಾಗಿ ಎರಡು ಮಾತು. ಮೂಡೂರೆಂಬ ಹಳ್ಳಿಯ ಒಂದು ಮನೆಯಲ್ಲಿ ಎಂಬತ್ತರ ಆಸುಪಾಸಿನ ವೃದ್ಧೆ. ಆಕೆಯ ಹೆಸರು ಮೂಕಾಂಬಿಕೆ. ಇಂದು ಬೈಂದೂರು ತಾಲ್ಲೂಕಿಗೆ ಸೇರಿರುವ ಕೊಲ್ಲೂರಿನ ದೇವಿಯ ಹೆಸರು. ಎಳವೆಯಲ್ಲೇ ಮದುವೆ, ಎಳವೆಯಲ್ಲೇ ವೈಧವ್ಯ. ಬಹುಕಾಲ ಮಾತಿಲ್ಲದೆ ಕಳೆದವಳಿಗೆ ಆ ಹೆಸರಿನ ಮೊದಲ ಅರ್ಧವೇ ಹೆಸರಾಗಿ ನಿಂತಿತು. ಹಳೆಯ ವಸ್ತುವೊಂದನ್ನು ಕೈಯಲ್ಲಿ ಹಿಡಿದರೆ ಆಕೆಗೆ ಹಿಂದಣ ಚಿತ್ರಗಳು ಕಾಣುತ್ತವೆ. ಎದುರಿಗೆ ಬಂದವರ ಅಂತರಂಗ ಹೊಳೆಯುತ್ತದೆ, ಹೊಳೆದುದನ್ನು ಮುಚ್ಚಿಟ್ಟು ಮಾತನಾಡುವ ನಯ ಆಕೆಗೆ ಗೊತ್ತಿಲ್ಲ. ಊರು ಇದನ್ನು ಅರಳುಮರಳು ಎಂದಿತು. ಮೊಮ್ಮಗ ಹಾಗೆನ್ನಲಿಲ್ಲ.

ಅವನು ಮಾಡಿದ್ದಾದರೂ ಏನು? ವೈದ್ಯರನ್ನು ಕರೆತರಲಿಲ್ಲ, ಮಂತ್ರವಾದಿಯನ್ನೂ ಕರೆತರಲಿಲ್ಲ. ಅಜ್ಜಿ ದೈವಾಂಶವುಳ್ಳವಳೆಂದು ಊರ ಮುಂದೆ ಸಾರಲಿಲ್ಲ. ಬಿಡುವಾದಾಗ ಬಳಿ ಕುಳಿತ, ಕೇಳಿದ, ಸಂದೇಹ ಬಂದಾಗ ಸಂದೇಹವನ್ನೇ ನುಡಿದ, ತಿಳಿಯದೆ ಹೋದುದನ್ನು ತಿಳಿಯಲಿಲ್ಲವೆಂದು ಒಪ್ಪಿಕೊಂಡ. ಕಾಲೇಜು ಕಲಿತ ತರುಣನಿಗೆ ಇದು ಸುಲಭವಲ್ಲ. ಕಲಿತವನ ಸಹಜ ಪ್ರವೃತ್ತಿಯೆಂದರೆ ತನಗೆ ಅರ್ಥವಾಗದುದಕ್ಕೆ ಒಂದು ಹೆಸರಿಟ್ಟು ಕೈತೊಳೆದುಕೊಳ್ಳುವುದು. ಸುಬ್ಬರಾಯ ಹೆಸರಿಡುವ ಅವಸರ ಮಾಡದಿದ್ದುದರಿಂದಲೇ ಅಜ್ಜಿಯ ಬಾಯಿ ತೆರೆಯಿತು. ಕಾದಂಬರಿಯ ಅದ್ಭುತವೆಂದು ನಾವು ಯಾವುದನ್ನು ಕೊಂಡಾಡುತ್ತೇವೆಯೋ ಆ ಕನಸುಗಳೆಲ್ಲವೂ ಈ ಕೇಳುವಿಕೆಯ ಫಲ.

ಇಷ್ಟಾದರೂ ಈ ಕೃತಿಯ ಬಗೆಗೆ ನನಗೊಂದು ತಕರಾರಿದೆ. ಕನಸುಗಳು ಆದಿಮಾನವನ ಕಾಲಕ್ಕೆ, ಪೂಜಾವಿಧಾನಗಳ ಮೂಲಕ್ಕೆ ಹೋದಹಾಗೆಲ್ಲ ಅಜ್ಜಿಯ ಧ್ವನಿ ಕ್ಷೀಣಿಸಿ ಕಾರಂತರ ಧ್ವನಿ ದಪ್ಪವಾಗುತ್ತದೆ. ಅಲ್ಲಿ ಬರುವ ದೇವರ ಕುರಿತಾದ, ಸಂನ್ಯಾಸದ ಕುರಿತಾದ ಮಾತುಗಳು ಮಠದ ಅಂಗಳದಲ್ಲಿ ಬೆಳೆದವರಿಗೆ ಒಗರಾಗಿ ಕಾಣಬಹುದು. ನನ್ನ ತಕರಾರು ಅದಲ್ಲ, ಒಗರನ್ನೂ ಒಮ್ಮೆ ನಾಲಗೆಗೆ ಹಚ್ಚಿಕೊಳ್ಳುವುದು ಒಳ್ಳೆಯದೇ. ಆ ಪುಟಗಳಲ್ಲಿ ಒಬ್ಬ ಮುದುಕಿ ಮಾಯವಾಗಿ ಒಂದು ಉಪನ್ಯಾಸ ಉಳಿಯುತ್ತದೆ ಎಂಬುದು ನನ್ನ ಕೊರಗು. ಇದಕ್ಕೆ ಪ್ರತಿಯಾಗಿ, ಊರ ಬಾಯಿಗೆ ಬಿದ್ದು ನೊಂದ ನಾಗಿ ಅಜ್ಜಿಯ ಬಳಿ ಬರುವ ಭಾಗವನ್ನು ನೋಡಬೇಕು. ಅಲ್ಲಿ ಯುಗಯುಗಾಂತರದ ದರ್ಶನವಿಲ್ಲ. ಎಲ್ಲರೂ ಹಳಿದ ಹೆಣ್ಣೊಬ್ಬಳು, ಎಲ್ಲರೂ ಮರುಳೆಂದ ಹೆಣ್ಣೊಬ್ಬಳ ಬಳಿ ನೆಮ್ಮದಿ ಪಡೆಯುತ್ತಾಳೆ. ತನ್ನನ್ನು ಊರು ಹೇಗೆ ಕಂಡಿತೆಂಬುದನ್ನು ಅನುಭವಿಸಿದವಳಿಗೆ ಮತ್ತೊಬ್ಬಳ ಗಾಯ ಕಾಣುವುದಕ್ಕೆ ದಿವ್ಯದೃಷ್ಟಿ ಬೇಕಾಗಲಿಲ್ಲ. ಕಾದಂಬರಿ ನಿಜವಾಗಿ ಎತ್ತರಕ್ಕೇರುವುದು ಇಲ್ಲಿ ಎಂದು ನನ್ನ ಅಭಿಪ್ರಾಯ.

ನಾವು ಓದುಗರು ಮಾತ್ರ ದಿವ್ಯದೃಷ್ಟಿಗೇ ಕೈಮುಗಿದೆವು. ಅಜ್ಜಿ ನಮಗೆ ಮಾನ್ಯಳಾದದ್ದು ಆಕೆಗೊಂದು ಶಕ್ತಿಯಿದ್ದುದರಿಂದ. ಆ ಶಕ್ತಿ ಇಲ್ಲದಿದ್ದರೆ?

ಈ ಪ್ರಶ್ನೆಗೆ ಉತ್ತರ ಅದೇ ಸೀಮೆಯ ಮತ್ತೊಬ್ಬ ಲೇಖಕಿಯಲ್ಲಿ ದೊರೆಯುತ್ತದೆ. ಕಾರಂತರು ಹುಟ್ಟಿದ ಕೋಟ ಈಗ ಬ್ರಹ್ಮಾವರ ತಾಲ್ಲೂಕಿನಲ್ಲಿದೆ. ಅಲ್ಲಿಂದ ಬಡಗಣಕ್ಕೆ ಸ್ವಲ್ಪ ದೂರ ನಡೆದರೆ ವೈದೇಹಿಯವರ ಕುಂದಾಪುರ. ಅವರ ‘ಅಕ್ಕು’ ಎಂಬ ಕಥೆ ಗಾತ್ರದಲ್ಲಿ ಸಣ್ಣದು, ಭಾರದಲ್ಲಿ ಅಲ್ಲ. ಗಂಡ ತೊರೆದುಹೋದ ಅಕ್ಕುವನ್ನು ಮನೆಯವರೆಲ್ಲ ಹುಚ್ಚಿಯೆಂದೇ ನಡೆಸಿಕೊಳ್ಳುತ್ತಾರೆ. ಬಟ್ಟೆಯ ಗಂಟನ್ನು ಹೊಟ್ಟೆಗೆ ಕಟ್ಟಿಕೊಂಡು ತಾನು ಗರ್ಭಿಣಿಯೆನ್ನುವ ಆಕೆಯನ್ನು ಕಂಡು ಮನೆ ನಗುತ್ತದೆ, ಗದರುತ್ತದೆ, ಕೈಯನ್ನೂ ಎತ್ತುತ್ತದೆ. ಆಕೆಗೆ ಪ್ರಾಚೀನ ಕಾಲ ಕಾಣುವುದಿಲ್ಲ. ಆ ಮನೆಯ ಮರ್ಯಾದಸ್ಥರು ಮುಚ್ಚಿಟ್ಟದ್ದು ಕಾಣುತ್ತದೆ, ಕಂಡದ್ದು ಬಾಯಿಗೆ ಬರುತ್ತದೆ. ಅಜ್ಜಿಯ ಮಾತು ದರ್ಶನವೆನಿಸಿತು; ಅಕ್ಕುವಿನ ಮಾತು ಅಪಲಾಪವೆನಿಸಿತು. ಇಬ್ಬರ ನಡುವಣ ಅಂತರ ಅವರ ಮಿದುಳಿನಲ್ಲಿ ಎಷ್ಟಿತ್ತೋ ಹೇಳಬಲ್ಲವರಾರು? ಒಬ್ಬಳ ಬಳಿ ಸುಬ್ಬರಾಯನಿದ್ದ, ಇನ್ನೊಬ್ಬಳ ಬಳಿ ಯಾರೂ ಕುಳಿತಿರಲಿಲ್ಲ; ಇಷ್ಟು ಮಾತ್ರ ನಮಗೆ ಕಾಣುವ ಅಂತರ.

ವೈದೇಹಿಯವರ ಹೆಚ್ಚುಗಾರಿಕೆಯೆಂದರೆ ಅಕ್ಕುವಿಗೆ ಯಾವ ಪವಾಡವನ್ನೂ ದಯಪಾಲಿಸದಿರುವುದು. ಕರುಣೆ ಉಕ್ಕಿಸಲೂ ಅವರು ಹೊರಡುವುದಿಲ್ಲ. ಈ ಕಥೆಯನ್ನೂ ಇನ್ನೆರಡನ್ನೂ ಕೂಡಿಸಿ ಚಂಪಾ ಶೆಟ್ಟಿಯವರು 2018ರಲ್ಲಿ ‘ಅಮ್ಮಚ್ಚಿಯೆಂಬ ನೆನಪು’ ಎಂಬ ಚಿತ್ರವನ್ನು ನಿರ್ದೇಶಿಸಿದರು. ಅಲ್ಲಿಯೂ ಅಕ್ಕುವಿನ ಮಾತಿಗೆ ಮೊದಲು ನಗೆ ಬರುತ್ತದೆ, ನಕ್ಕವನು ತನ್ನ ನಗೆಯನ್ನು ಎಲ್ಲಿ ಬಚ್ಚಿಡಬೇಕೆಂದು ಆಮೇಲೆ ತಡಕಾಡುತ್ತಾನೆ. ಕಾರಂತರು 1948ರಲ್ಲಿ ತಮ್ಮ ಆತ್ಮಕಥನಕ್ಕೆ ‘ಹುಚ್ಚು ಮನಸ್ಸಿನ ಹತ್ತು ಮುಖಗಳು’ ಎಂದು ಹೆಸರಿಟ್ಟರು, ನಾಡು ಆ ಹುಚ್ಚನ್ನು ಸನ್ಮಾನಿಸಿತು. ಅಡುಗೆಮನೆಯ ಮೂಲೆಯ ಹೆಣ್ಣುಮಗಳು ಅದೇ ಪದವನ್ನು ಹೊತ್ತಾಗ ಹಾರ ತರುವವರು ಯಾರೂ ಇರುವುದಿಲ್ಲ.

ಶರಣ ಸಾಹಿತ್ಯದ ಓದುಗರಿಗೆ ಇಷ್ಟರಲ್ಲಿ ಮರುಳಶಂಕರದೇವರ ನೆನಪಾಗಿರಬೇಕು. ‘ಶೂನ್ಯಸಂಪಾದನೆ’ಯಲ್ಲಿ ಅವರ ಪ್ರಸಂಗ ಬರುತ್ತದೆ. ಹನ್ನೆರಡು ವರ್ಷ ಬಸವಣ್ಣನವರ ಮಹಾಮನೆಯ ಮಗ್ಗುಲಲ್ಲಿಯೇ, ಪ್ರಸಾದದ ಕುಂಡದ ಬಳಿ, ಯಾರ ಲಕ್ಷ್ಯಕ್ಕೂ ಬಾರದೆ ಬಿದ್ದಿದ್ದವರು ಅವರು. ಹೆಸರಿನಲ್ಲೇ ಮರುಳು. ದಿನವೂ ಸಾವಿರಾರು ಜನ ಹಾದುಹೋದ ದಾರಿಯದು. ಹಾದುಹೋದವರು ಕೆಟ್ಟವರಲ್ಲ, ಕಾಯಕನಿಷ್ಠರಾದ ಶರಣರು. ಕೊನೆಗೆ ಅಲ್ಲಮಪ್ರಭುಗಳು ಬಂದು ಗುರುತಿಸಬೇಕಾಯಿತು, ಗುರುತಿಸದೆ ಹೋದುದಕ್ಕೆ ಬಸವಣ್ಣನವರೇ ನೊಂದರು. ಈ ಪ್ರಸಂಗವನ್ನು ನಾವು ಪುರಾಣ ಪ್ರವಚನಗಳಲ್ಲಿ ಕೇಳಿ ತಲೆದೂಗುತ್ತೇವೆ. ಆದರೆ ತಲೆದೂಗುವುದು ಯಾವುದಕ್ಕೆ? ಮರುಳನೊಳಗೊಬ್ಬ ಮಹಾಜ್ಞಾನಿ ಅಡಗಿದ್ದನೆಂಬ ಅಚ್ಚರಿಗೆ. ಬಸವಣ್ಣನವರ ನೋವು ಅದಕ್ಕಿಂತ ದೊಡ್ಡದಿರಬೇಕೆಂದು ನನಗೆ ತೋರುತ್ತದೆ. ಜ್ಞಾನಿಯೋ ಅಲ್ಲವೋ, ಮನೆಯ ಮಗ್ಗುಲಲ್ಲಿ ಹನ್ನೆರಡು ವರ್ಷ ಒಬ್ಬ ಮನುಷ್ಯನಿದ್ದ.

ಇಂದಿನ ವಿಜ್ಞಾನ ಈ ವಿಷಯದಲ್ಲಿ ಬಹುದೂರ ಬಂದಿದೆ. ಅಮೆರಿಕದಲ್ಲಿ ಲಿಯೋ ಕ್ಯಾನರ್ ಎಂಬ ವೈದ್ಯರು 1943ರಲ್ಲಿ ಹನ್ನೊಂದು ಮಕ್ಕಳ ನಡವಳಿಕೆಯನ್ನು ವಿವರಿಸಿ ಬರೆದ ಮೇಲೆ ಆಟಿಸಂ ಎಂಬುದು ಪ್ರತ್ಯೇಕವಾಗಿ ಗುರುತಿಸಲ್ಪಟ್ಟಿತು. ಹುಟ್ಟಿನಿಂದಲೇ ಕೆಲವರ ಮಿದುಳು, ನರಮಂಡಲ ಬೇರೆ ಬಗೆಯಲ್ಲಿ ಬೆಳೆದಿರುತ್ತದೆ. ಸದ್ದು, ಬೆಳಕು, ಸ್ಪರ್ಶ ಅವರನ್ನು ತಾಕುವ ಬಗೆಯೇ ಬೇರೆ. ಎದುರಿನವರ ಕಣ್ಣಿಗೆ ಕಣ್ಣು ಕೊಡುವುದು ಕಷ್ಟ. ಮಾತು ತಡವಾಗಬಹುದು, ಬಾರದೆಯೂ ಇರಬಹುದು. ತಾಯಿಯ ತಣ್ಣನೆಯ ಸ್ವಭಾವವೇ ಇದಕ್ಕೆ ಕಾರಣವೆಂದು ಹಲವು ವರ್ಷ ವೈದ್ಯರೇ ಹೇಳಿ ತಾಯಂದಿರನ್ನು ಗೋಳಾಡಿಸಿದರು. ಅದು ಸುಳ್ಳೆಂದು ಆಮೇಲೆ ಸ್ಥಿರಪಟ್ಟಿತು. ಕರಾವಳಿಯಲ್ಲಿ ನಾವು ಗಾಳಿ, ಸೋಂಕು, ನಾಗದೋಷ ಎಂದದ್ದಕ್ಕೂ ಇದಕ್ಕೂ ಬಹಳ ವ್ಯತ್ಯಾಸ ಕಾಣುವುದಿಲ್ಲ. ನಮ್ಮ ದೇಶದ 1995ರ ಅಂಗವಿಕಲರ ಕಾಯಿದೆಯ ಏಳು ಬಗೆಗಳಲ್ಲಿ ಆಟಿಸಂ ಇರಲಿಲ್ಲ. 2016ರ ಕಾಯಿದೆ ಇಪ್ಪತ್ತೊಂದು ಬಗೆಗಳನ್ನು ಹೆಸರಿಸಿದಾಗ ಅದೂ, ಕಲಿಕೆಯ ನ್ಯೂನತೆಗಳೂ ಸೇರಿದವು. ಇದು ಆಗಬೇಕಾಗಿದ್ದ ಕೆಲಸ. ಆದರೆ ಸಮೀಪ ಕುಳಿತುಕೊಳ್ಳಿರೆಂದು ಯಾವ ಕಾಯಿದೆಯೂ ಆಜ್ಞಾಪಿಸಲಾರದು.

ಮೂಕಜ್ಜಿಗೆ ಇಂಥದೇ ಒಂದು ಸ್ಥಿತಿಯಿತ್ತೆಂದು ಸಾಧಿಸಹೊರಡುವುದು ನನ್ನ ಉದ್ದೇಶವಲ್ಲ. ಕಾದಂಬರಿಯ ಪಾತ್ರಕ್ಕೆ ರೋಗದ ಚೀಟಿ ಅಂಟಿಸುವ ವಿಮರ್ಶೆ ವಿಮರ್ಶೆಯೇ ಅಲ್ಲ. ಮೂಡೂರಿನವರು ಮಾಡಿದ ಕೆಲಸವನ್ನೇ ದೊಡ್ಡ ಪದಗಳಲ್ಲಿ ಮಾಡಿದಂತಾದೀತು.

ಇಷ್ಟು ಬರೆದ ಮೇಲೆ ನನ್ನದೊಂದು ಮಾತನ್ನೂ ಹೇಳಬೇಕು. ನಾನು ಪ್ರಸಾದನಿಲಯದಲ್ಲಿದ್ದ ಕಾಲದಲ್ಲಿ ನಮ್ಮೊಡನೆ ಒಬ್ಬ ಹುಡುಗನಿದ್ದ. ಪಂಕ್ತಿಯಲ್ಲಿ ತನ್ನ ಜಾಗ ಬದಲಾದರೆ ಉಣ್ಣದೆ ಎದ್ದುಹೋಗುತ್ತಿದ್ದ. ಗಂಟೆ ಬಾರಿಸಿದರೆ ಕಿವಿ ಮುಚ್ಚಿಕೊಳ್ಳುತ್ತಿದ್ದ. ಯಾವ ಇಸವಿಯ ಯಾವ ತಾರೀಕು ಹೇಳಿದರೂ ಅದು ಯಾವ ವಾರವೆಂದು ಕ್ಷಣದಲ್ಲಿ ನುಡಿಯುತ್ತಿದ್ದ. ನಾವು ಅವನನ್ನು ಬಹಳ ಮೆಚ್ಚಿಕೊಂಡಿದ್ದೆವು ಎಂದೇ ಬಹುಕಾಲ ನಂಬಿದ್ದೆ. ಅತಿಥಿಗಳು ಬಂದಾಗ ಅವನನ್ನು ಎಳೆತಂದು ನಿಲ್ಲಿಸಿ ತಾರೀಕು ಕೇಳುತ್ತಿದ್ದೆವು. ಉತ್ತರ ಸರಿಯಾದಾಗ ಚಪ್ಪಾಳೆ. ಅವನ ಊರು ಯಾವುದು, ಮನೆಯಲ್ಲಿ ಯಾರಿದ್ದಾರೆ, ರಜೆಗೆ ಅವನೇಕೆ ಊರಿಗೆ ಹೋಗುವುದಿಲ್ಲ ಎಂಬುದನ್ನು ಕೇಳಿದ ನೆನಪು ನನಗಿಲ್ಲ. ಎರಡನೆಯ ವರ್ಷದ ನಡುವೆ ಅವನು ನಿಲಯ ಬಿಟ್ಟುಹೋದ. ಅವನ ಜಾಗದಲ್ಲಿ ಮರುದಿನ ಬೇರೊಬ್ಬ ಕುಳಿತು ಉಂಡ.

ಸುಬ್ಬರಾಯನ ಪುಟಗಳನ್ನು ಈಚೆಗೆ ಮತ್ತೆ ಓದುವಾಗ ಆ ಹುಡುಗ ನೆನಪಿಗೆ ಬಂದ. ನಮ್ಮ ಪ್ರಶ್ನೆಗೆ ಉತ್ತರ ಹೇಳಿ ಮುಗಿಸಿದ ಮೇಲೂ ಅವನು ತುಸು ಹೊತ್ತು ಅಲ್ಲೇ ನಿಂತಿರುತ್ತಿದ್ದ, ನೆಲ ನೋಡುತ್ತ. ಮತ್ತೊಂದು ತಾರೀಕಿಗಾಗಿ ಕಾಯುತ್ತಿದ್ದಾನೆಂದು ನಾವು ತಿಳಿದು ಮತ್ತೊಂದು ತಾರೀಕು ಕೊಡುತ್ತಿದ್ದೆವು.