ಮೂಲೆ ಎದ್ದ ಮುಚ್ಚಳ

ಮೀನಿನ ತೊಟ್ಟಿಗೆ ಮನೆಯಲ್ಲೇ ಮುಚ್ಚಳ ಮಾಡಲು ಹೊರಟವರ ಕಣ್ಣು ಮೊದಲು ಬೀಳುವುದು ಅಕ್ರಿಲಿಕ್ ಹಾಳೆಯ ಮೇಲೆ. ಹಗುರ, ಕೈಜಾರಿದರೂ ಚೂರಾಗುವುದಿಲ್ಲ, ಕೊಯ್ಯುವುದೂ ಸುಲಭ. ಆದರೂ ಅದನ್ನು ನಾನು ಒಪ್ಪಲಾರೆ. ತೊಟ್ಟಿಯ ಆವಿಗೆ ಒಡ್ಡಿದ ಅದರ ಕೆಳಮೈ ತೇವ ಹೀರಿ ಹಿಗ್ಗುತ್ತದೆ, ಮೇಲ್ಮೈ ಒಣಗಿಯೇ ಇರುತ್ತದೆ. ಹೀಗಾಗಿ ಹಾಳೆಯ ನಡು ತಗ್ಗಿ ಮೂಲೆಗಳು ಮೇಲೇಳುತ್ತವೆ. ಮೀನು ಹೊರಗೆ ಹಾರುವುದು ಆ ಸಂದಿಯಿಂದಲೇ.

ಹಾರುವುದು ಮೀನಿನ ತಪ್ಪಲ್ಲ. ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಕಾವೇರಿಯ ಮೀನುಗಳಿಗೆ ಕಡ್ಲೆಪುರಿ ಎರಚಿದವರು ಅವು ಮೇಲಕ್ಕೆ ನುಗ್ಗುವ ರಭಸ ಕಂಡಿದ್ದಾರೆ. ಹೊಳೆನರಸೀಪುರದ ಕಡೆ ಹೇಮಾವತಿಯ ನಾಲೆ, ಕೆರೆಗಳಲ್ಲಿ ಆಡಿ ಬೆಳೆದವರಿಗೆ ಕೊರವ ಮೀನನ್ನು ಪರಿಚಯಿಸಬೇಕಿಲ್ಲ. ನೀರಿನಿಂದ ಮೇಲೆ ಬಂದು ಗಾಳಿ ನುಂಗುವ, ಕೆಸರಿನಲ್ಲಿ ತೆವಳುವ ಜೀವ ಅದು. ಮಕ್ಕಳು ಹಿಡಿದು ತಂದ ಕೊರವದ ಮರಿಗೂ ತೂಕವಿಲ್ಲದ ಹಾಳೆಯನ್ನು ಎತ್ತುವಷ್ಟು ಶಕ್ತಿ ಇರುತ್ತದೆ.

ಥರ್ಮೊಕೋಲ್, ಪ್ಲೈವುಡ್ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಒಂದು ನೀರಿಗೆ ಕಾಳು ಉದುರಿಸುತ್ತದೆ, ಇನ್ನೊಂದು ಊದಿ ಪದರ ಬಿಡುತ್ತದೆ.

ನನ್ನ ಆಯ್ಕೆ 4 ಮಿ.ಮೀ. ಗಾಜು. ಎರಡಡಿ ಉದ್ದ, ಒಂದಡಿ ಅಗಲದ ತೊಟ್ಟಿಗೆ ಅದು ಸುಮಾರು 1.9 ಕೆ.ಜಿ. ತೂಗುತ್ತದೆ. ಮೀನು ಎತ್ತಲಾರದು, ನಾವು ಎತ್ತಬಹುದು. ಆದರೆ ಒಂದೇ ತುಂಡಾಗಿ ಹಾಕಿಸಿದರೆ ಮೇವು ಹಾಕುವಾಗಲೆಲ್ಲ ಇಡೀ ಗಾಜನ್ನೇ ಎತ್ತಬೇಕು. ಉದ್ದಕ್ಕೆ ಎರಡಾಗಿ ಕೊಯ್ಯಿಸಿ, ಹಿಂದಿನ ತುಂಡಿನ ಒಂದು ಮೂಲೆಯನ್ನು ಪೈಪು, ವೈರಿಗೆಂದು ಕತ್ತರಿಸಿ ತೆಗೆಸುವುದು ಜಾಣತನ. ಹಾಸನದ ಚಳಿಗಾಲದ ರಾತ್ರಿಗಳಲ್ಲಿ ಗಾಜು ನೀರಿನ ಬಿಸುಪನ್ನು ಸ್ವಲ್ಪವಾದರೂ ಹಿಡಿದಿಡುತ್ತದೆ. ಗೌರಾಮಿ, ಫೈಟರ್ ಮೀನುಗಳು ಮೇಲೆ ಬಂದು ಉಸಿರಾಡುವುದರಿಂದ ಅವಕ್ಕೆ ನೀರಿನ ಮೇಲಿನ ಗಾಳಿಯೂ ಬೆಚ್ಚಗಿರಬೇಕು. ನೀರಿಗೂ ಮುಚ್ಚಳಕ್ಕೂ ನಡುವೆ ಎರಡು ಅಂಗುಲವಾದರೂ ಬಿಡಬೇಕು ಎನ್ನುವುದು ಇದಕ್ಕೇ.

ಗಾಜಿಗೂ ಕುಂದುಂಟು. ಏರ್ ಪಂಪಿನ ಗುಳ್ಳೆಗಳು ಒಡೆದು ಸಿಡಿಯುವ ಬೋರ್‌ವೆಲ್ ನೀರು ಅದರ ಕೆಳಗೆ ಬಿಳಿ ಕಲೆ ಕಟ್ಟುತ್ತದೆ, ಒಳಗಿನ ಗಿಡಗಳಿಗೆ ಬೆಳಕು ಕಡಿಮೆಯಾಗುತ್ತದೆ. ಗಾಜನ್ನು ಹೊರತೆಗೆದು ನಿಂಬೆರಸ ಹಚ್ಚಿ ಉಜ್ಜಿ, ಚೆನ್ನಾಗಿ ತೊಳೆದಿಟ್ಟರೆ ಹೋಗುತ್ತದೆ. ಬೇಸಿಗೆಯಲ್ಲಿ ಚನ್ನರಾಯಪಟ್ಟಣದ ಸೆಕೆಗೆ ಹಿಂದಿನ ತುಂಡಿನ ಬದಲು ಜಾಲರಿ ಇಡುವುದು ಒಳ್ಳೆಯದು. ಕಿಟಕಿಗೆ ಸೊಳ್ಳೆ ಪರದೆ ಕೂರಿಸುವ ಅಲ್ಯೂಮಿನಿಯಂ ಕೆಲಸದವರೇ ಅದರ ಚೌಕಟ್ಟನ್ನು ಅಚ್ಚುಕಟ್ಟಾಗಿ ಮಾಡಿಕೊಡಬಲ್ಲರು. ಕಬ್ಬಿಣದ ಜಾಲರಿ ಬೇಡ, ತುಕ್ಕು ನೀರಿಗಿಳಿಯುತ್ತದೆ. ಆದರೆ ಜಾಲರಿಯಿದ್ದಾಗ ನೀರು ಬೇಗ ಆರುತ್ತದೆ, ಲವಣ ಉಳಿಯುತ್ತದೆ. ಆರಿದಷ್ಟಕ್ಕೆ ಬೋರ್ ನೀರನ್ನೇ ಸುರಿಯುತ್ತ ಹೋದರೆ ಗಡಸು ಏರುತ್ತಲೇ ಇರುತ್ತದೆ. ಚಳಿ ಶುರುವಾದೊಡನೆ ಮತ್ತೆ ಗಾಜು ಇಡಬೇಕು.

ಅಳತೆಯನ್ನು ತೊಟ್ಟಿಯ ಎರಡೂ ತುದಿಯಲ್ಲಿ ತೆಗೆಯಿರಿ, ಅಂಟಿಸಿದ ತೊಟ್ಟಿಗಳೆಲ್ಲ ನೇರವಾಗಿರುವುದಿಲ್ಲ. ಅಂಚು ಉಜ್ಜಿಸದ ಗಾಜನ್ನು ಮಾತ್ರ ಅಂಗಡಿಯಿಂದ ತರಬೇಡಿ. ಮೇವು ಹಾಕಲು ದಿನವೂ ಅದನ್ನು ಎತ್ತುವವರು ಮನೆಯ ಮಕ್ಕಳು.